ನಾಡಬಂದೂಕು ಮತ್ತು ಒಂಟಿಗುಂಡು: ಕೋಲಾರ ಸೀಮೆ

ನಾಡಬಂದೂಕು ಎಂದರೆ ಕಾರ್ಖಾನೆಯ ಮುದ್ರೆಯಾಗಲಿ ಪರೀಕ್ಷೆಯ ಗುರುತಾಗಲಿ ಇಲ್ಲದೆ, ಊರಿನ ಕುಲುಮೆಯಲ್ಲಿ ರೂಪುಗೊಂಡ ನುಣುಪು ನಳಿಗೆಯ ಬಂದೂಕು. ಇದರಲ್ಲಿ ಮದ್ದನ್ನು ನಳಿಗೆಯ ಬಾಯಿಂದಲೇ ತುಂಬುವುದು ವಾಡಿಕೆ. ಹಕ್ಕಿ, ಮೊಲಗಳಿಗೆ ಸಣ್ಣ ಚರೆ ಹಾಕುತ್ತಾರೆ. ಹಂದಿಯಂಥ ದೊಡ್ಡ ಪ್ರಾಣಿಗೆ ಚರೆಯ ಬದಲು ಹಾಕುವ ಒಂದೇ ಸೀಸದ ಉಂಡೆಗೆ ಒಂಟಿಗುಂಡು ಎಂದು ಹೆಸರು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಬಂದೂಕಿನ ಚರಿತ್ರೆ ಪಾಳೆಯಗಾರರ ಕೋಟೆಯಿಂದ ಕಡಲೆಕಾಯಿ ಹೊಲದವರೆಗೆ ಬಂದಿದೆ. ಈ ಉದ್ದಕ್ಕೂ ಒಂಟಿಗುಂಡಿನ ಮೇಲೆ ಜನ ಇಟ್ಟ ನಂಬಿಕೆ ಅದರ ಯೋಗ್ಯತೆಗಿಂತ ಹೆಚ್ಚಿನದೇ ಆಗಿತ್ತು.

ಮದ್ದಿನ ಆಯುಧ ಈ ಸೀಮೆಗೆ ಬರುವ ಮೊದಲು ಬೆಳೆ ಕಾಯುತ್ತಿದ್ದವರು ಅಟ್ಟಣೆ, ಕವಣೆ, ತಮಟೆ, ನಾಯಿಗಳನ್ನು ನಂಬಿದ್ದರು. ಹಂದಿಯೊಡನೆ ಸೆಣಸುವುದು ಎಂಥ ದೊಡ್ಡ ಸಂಗತಿಯಾಗಿತ್ತೆಂಬುದಕ್ಕೆ ಮದ್ದೂರು ತಾಲ್ಲೂಕಿನ ಆತಕೂರಿನ ಹತ್ತನೆಯ ಶತಮಾನದ ಶಾಸನವೇ ಸಾಕ್ಷಿ. ಕಾಳಿ ಎಂಬ ಬೇಟೆನಾಯಿ ಕಾಡುಹಂದಿಯೊಡನೆ ಹೋರಾಡಿ ಸತ್ತದ್ದನ್ನು ಅದು ಕಲ್ಲಿನಲ್ಲಿ ಕೆತ್ತಿ ಉಳಿಸಿದೆ. ದಕ್ಷಿಣದ ಯುದ್ಧಗಳಲ್ಲಿ ಬಂದೂಕಿನ ಮಹತ್ವ ಎದ್ದು ಕಂಡದ್ದು 1520ರ ರಾಯಚೂರು ಮುತ್ತಿಗೆಯಲ್ಲಿ. ಅಲ್ಲಿ ಪೋರ್ಚುಗೀಸ್ ಬಂದೂಕುಗಾರರು ಕೃಷ್ಣದೇವರಾಯನ ಪರವಾಗಿ ಕಾದಿದರು. ಆಮೇಲಿನ ಎರಡು ಶತಮಾನಗಳಲ್ಲಿ ಬತ್ತಿಯಿಂದ ಕಿಡಿ ಹೊತ್ತಿಸುವ ಬಂದೂಕು ನಾಯಕರ, ಪಾಳೆಯಗಾರರ ಕಾಲಾಳುಗಳ ಕೈಗೂ ಬಂತು. ಸುಗಟೂರಿನ ಗೌಡರು ಆಳಿದ ಕೋಲಾರ ಸೀಮೆಯೂ ಇದೇ ಕಾಲದ್ದು.

ಹದಿನೆಂಟನೆಯ ಶತಮಾನದಲ್ಲಿ ಕೋಲಾರದ ಹೆಸರು ಮದ್ದಿನ ಯುದ್ಧದ ಚರಿತ್ರೆಯಲ್ಲಿ ಗಟ್ಟಿಯಾಗಿ ಸೇರಿಕೊಂಡಿತು. ಹೈದರಲಿ ಹುಟ್ಟಿದ್ದು ಇಂದಿನ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ. ಅವನ ತಂದೆ ಫತೇ ಮಹಮ್ಮದ್ ಆರ್ಕಾಟಿನ ನವಾಬನ ಬಳಿ ಅಗ್ನಿಬಾಣಗಾರರ ತುಕಡಿಯೊಂದನ್ನು ನಡೆಸಿದ್ದನೆಂದು ಚರಿತ್ರೆಕಾರರು ಬರೆದಿದ್ದಾರೆ. ಫತೇ ಮಹಮ್ಮದನ ಗೋರಿ ಕೋಲಾರ ಪಟ್ಟಣದ ಮಕಬರಾದಲ್ಲಿದೆ. 1768ರ ಅಕ್ಟೋಬರ್ 4ರಂದು ಮುಳಬಾಗಿಲಿನ ಬಂಡೆಗುಡ್ಡಗಳ ನಡುವೆ ಹೈದರನ ಪಡೆಗೂ ಕರ್ನಲ್ ವುಡ್‌ನ ಈಸ್ಟ್ ಇಂಡಿಯಾ ಕಂಪನಿ ಪಡೆಗೂ ಕಾಳಗವಾಯಿತು. ವುಡ್ ಸೋಲುವ ಹಂತದಲ್ಲಿದ್ದಾಗ ಕ್ಯಾಪ್ಟನ್ ಬ್ರೂಕ್ ಎರಡು ಫಿರಂಗಿಗಳನ್ನು ಗುಡ್ಡದ ಮೇಲಕ್ಕೆ ಸಾಗಿಸಿ, ಕಂಪನಿಯ ಇನ್ನೊಬ್ಬ ಅಧಿಕಾರಿ ಕರ್ನಲ್ ಸ್ಮಿತ್‌ನ ಸೈನ್ಯವೇ ಬಂದುಬಿಟ್ಟಿತೆಂಬಂತೆ ತನ್ನವರಿಂದ ಸ್ಮಿತ್‌ನ ಹೆಸರು ಕೂಗಿಸಿದ. ಹೈದರನ ಪಡೆ ಅದನ್ನು ನಿಜವೆಂದು ನಂಬಿ ಕೆಲಹೊತ್ತು ಹಿಂಜರಿಯಿತು. ವುಡ್‌ನ ಪಡೆ ಅಂದು ಉಳಿದದ್ದರಲ್ಲಿ ಗುಂಡಿನಷ್ಟೇ ಪಾಲು ಗಂಟಲಿಗೂ ಇತ್ತು!

ಇದನ್ನು ಬರಿಯ ತಮಾಷೆಯೆಂದು ತಳ್ಳಿಹಾಕುವಂತಿಲ್ಲ. ಆ ಕಾಲದ ಬಂದೂಕು ಗುರಿಯಿಟ್ಟು ಹೊಡೆಯುವ ಸಾಧನವೇ ಅಲ್ಲ. ನೂರಾರು ಮಂದಿ ಸಾಲಾಗಿ ನಿಂತು ಒಟ್ಟಿಗೆ ಹಾರಿಸಿದರೆ ಮಾತ್ರ ಅದಕ್ಕೆ ಬೆಲೆ. ಸಾಮಾನ್ಯ ಸೈನಿಕ ಬಂದೂಕಿನಿಂದ 80 ಗಜ, ಹೆಚ್ಚೆಂದರೆ 100 ಗಜ ದೂರದ ಮನುಷ್ಯನಿಗೆ ಗುಂಡು ತಗುಲೀತು, 150 ಗಜದಾಚೆ ತಗುಲಿದರೆ ಅವನ ದುರದೃಷ್ಟ ಎಂಬರ್ಥದ ಮಾತನ್ನು ಕರ್ನಲ್ ಜಾರ್ಜ್ ಹ್ಯಾಂಗರ್ 1814ರಲ್ಲಿ ಬರೆದ. ಕಾರಣವನ್ನು ಗಣಿತಜ್ಞ ಬೆಂಜಮಿನ್ ರಾಬಿನ್ಸ್ 1742ರಷ್ಟು ಹಿಂದೆಯೇ ವಿವರಿಸಿದ್ದ. ಬಾಯಿಂದ ತುಂಬಬೇಕಾದ ಗುಂಡು ನಳಿಗೆಗಿಂತ ಸ್ವಲ್ಪ ಸಣ್ಣದಿರಲೇಬೇಕು. ಹಾಗಾಗಿ ಅದು ಒಳಗೆ ಗೋಡೆಯಿಂದ ಗೋಡೆಗೆ ತಾಗುತ್ತ ಬರುತ್ತದೆ. ಕೊನೆಯಲ್ಲಿ ಯಾವ ಬದಿಗೆ ಉಜ್ಜಿತೋ ಅದಕ್ಕೆ ತಕ್ಕ ತಿರುಗು ಪಡೆದು, ಗಾಳಿಯಲ್ಲಿ ಮನಸೋಇಚ್ಛೆ ಬಾಗುತ್ತದೆ. ಒಂದೇ ಬಂದೂಕು, ಒಂದೇ ಕೈ, ಒಂದೇ ಮದ್ದು ಇದ್ದರೂ ಎರಡು ಗುಂಡುಗಳು ಒಂದೇ ಕಡೆ ಬೀಳುವುದಿಲ್ಲ. ರೈಫಲ್ಲಿನ ನಳಿಗೆಯೊಳಗಿನ ಸುರುಳಿ ಗೀರುಗಳು ಈ ತಿರುಗಿಗೆ ಒಂದು ನಿಯಮ ತಂದವು. ನುಣುಪು ನಳಿಗೆಗೆ ಆ ಭಾಗ್ಯವಿಲ್ಲ.

ಶಿಕಾರಿ ಬಂದೂಕಿನ ಈ ಕೊರತೆಯನ್ನು ತುಂಬಲು ಯುರೋಪು, ಅಮೆರಿಕಗಳ ಕಾರ್ಖಾನೆಗಳು ಹಲವು ದಶಕ ಹೆಣಗಿದವು. ಕರ್ನಲ್ ಜಾರ್ಜ್ ಫಾಸ್ಬರಿ 1885ರಲ್ಲಿ ನಳಿಗೆಯ ತುದಿಯಲ್ಲಷ್ಟೇ ಗೀರುಗಳಿರುವ 'ಪ್ಯಾರಡಾಕ್ಸ್' ಬಂದೂಕಿನ ಹಕ್ಕುಪತ್ರ ಪಡೆದ. ಅದನ್ನು ತಯಾರಿಸಿದ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿಗೆ ಭಾರತದ ಶಿಕಾರಿಗಳಲ್ಲಿ ಒಳ್ಳೆಯ ಗಿರಾಕಿಗಳಿದ್ದರು. ಜರ್ಮನಿಯ ವಿಲ್ಹೆಲ್ಮ್ ಬ್ರೆನೆಕೆ 1898ರಲ್ಲಿ ಇನ್ನೊಂದು ದಾರಿ ಹಿಡಿದು, ಗುಂಡಿನ ಆಕಾರವನ್ನೇ ಬದಲಿಸಿದ. ಅವನ ಗುಂಡಿನ ತೂಕವೆಲ್ಲ ಮುಂದಕ್ಕೆ, ಹಗುರವಾದ ಬಾಲ ಹಿಂದಕ್ಕೆ. ಅಮೆರಿಕದ ಕಾರ್ಲ್ ಫಾಸ್ಟರ್ 1931ರ ಸುಮಾರಿಗೆ ಹಿಂಬದಿ ಟೊಳ್ಳಾದ ಗುಂಡು ತಂದ. ಇಷ್ಟೆಲ್ಲ ಆದಮೇಲೂ ನುಣುಪು ನಳಿಗೆಯಿಂದ ಹಾರುವ ಕಾರ್ಖಾನೆಯ ಗುಂಡಿನ ನಂಬಬಹುದಾದ ಮಿತಿ 50ರಿಂದ 75 ಗಜ. ತೂಕ, ಆಕಾರ, ಮದ್ದಿನ ಒತ್ತಡ ಎಲ್ಲವನ್ನೂ ಅಳೆದು ಮಾಡಿದ ಗುಂಡಿನ ಲೆಕ್ಕವೇ ಇದಾದರೆ, ಮನೆಯಲ್ಲಿ ಅಂದಾಜಿನ ಮೇಲೆ ಸಿದ್ಧವಾದ ಗುಂಡಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಕೋಲಾರದ ರೈತನ ಕೈಗೆ ಈ ಸುಧಾರಣೆಗಳು ಬರಲಿಲ್ಲ. 1857ರ ದಂಗೆಯ ನಂತರ ಬ್ರಿಟಿಷರು ಜನರನ್ನು ನಿರಾಯುಧರನ್ನಾಗಿಸುವ ಕಾನೂನುಗಳನ್ನು ತಂದರು. ಲಾರ್ಡ್ ಲಿಟ್ಟನ್ ಕಾಲದ 1878ರ ಆಯುಧ ಕಾಯಿದೆ ಪರವಾನಗಿಯನ್ನು ಕಡ್ಡಾಯ ಮಾಡಿತು, ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟಿತು. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ 1861ರಿಂದ ಬಂದ ವಿನಾಯಿತಿ ಇಂದಿಗೂ ನಡೆಯುತ್ತಿದ್ದು, ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿದೆ. ಕೋಲಾರಕ್ಕೆ ಅಂಥದ್ದೇನೂ ಸಿಗಲಿಲ್ಲ. ಚಿನ್ನದ ಗಣಿಯ ಯುರೋಪಿಯನ್ ನೌಕರರು ರೈಫಲ್ ಹಿಡಿದು 'ಕೋಲಾರ್ ಗೋಲ್ಡ್ ಫೀಲ್ಡ್' ಸ್ವಯಂಸೇವಕ ಪಡೆ ಕಟ್ಟಿಕೊಂಡಿದ್ದರೆ, ಅದೇ ಜಿಲ್ಲೆಯ ಹಳ್ಳಿಯಲ್ಲಿ ಕೇಪು ಹೊಡೆಯುವ ಬಂದೂಕಿಗೂ ಅರ್ಜಿ ಹಿಡಿದು ಕಚೇರಿ ಅಲೆಯಬೇಕಿತ್ತು.

ಸ್ವಾತಂತ್ರ್ಯಾನಂತರದ 1959ರ ಆಯುಧ ಕಾಯಿದೆ ಬಣ್ಣದ ಭೇದವನ್ನು ಉಳಿಸಿಕೊಳ್ಳಲಿಲ್ಲ, ಬಂದೂಕಿನ ಭೇದವನ್ನು ಉಳಿಸಿಕೊಂಡಿತು. ಅದರ 13ನೆಯ ಪ್ರಕರಣದಂತೆ ಆತ್ಮರಕ್ಷಣೆ ಅಥವಾ ಕ್ರೀಡೆಗೆ ಕನಿಷ್ಠ 20 ಅಂಗುಲ ನಳಿಗೆಯ ನುಣುಪು ಬಂದೂಕು, ನಿಜವಾದ ಬೆಳೆ ರಕ್ಷಣೆಗೆ ಬಾಯಿಂದ ತುಂಬುವ ಬಂದೂಕು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನುಣುಪು ಬಂದೂಕಿಗೆ ಪರವಾನಗಿ ಕೊಡಲು ಅವಕಾಶವಿದೆ. ಹೊತ್ತುಮೀರಿದ ತಂತ್ರವೊಂದು ಇಪ್ಪತ್ತೊಂದನೆಯ ಶತಮಾನದಲ್ಲೂ ಉಸಿರಾಡುತ್ತಿರುವುದಕ್ಕೆ ರೈತನ ಬಡತನದಷ್ಟೇ ಈ ಸಾಲುಗಳೂ ಕಾರಣ. ಪೊಲೀಸ್ ಠಾಣೆಯ ಪುಸ್ತಕದಲ್ಲಿ ಬಾಯಿಂದ ತುಂಬುವ ಒಂಟಿನಳಿಗೆ 'ಎಸ್‌ಬಿಎಂಎಲ್', ತೋಟಾ ಹಾಕುವ ಒಂಟಿನಳಿಗೆ 'ಎಸ್‌ಬಿಬಿಎಲ್', ಜೋಡಿನಳಿಗೆ 'ಡಿಬಿಬಿಎಲ್'. ಪ್ರತಿ ಚುನಾವಣೆಯ ಹೊತ್ತಿಗೂ ಇವೆಲ್ಲ ಠಾಣೆ ಸೇರಬೇಕೆಂಬ ಆದೇಶ ಬರುತ್ತದೆ. ಬೆಳೆ ಕೈಗೆ ಬರುವ ಕಾಲಕ್ಕೇ ಚುನಾವಣೆ ಬಂದರೆ ರೈತರ ಗೊಣಗಾಟವೂ ಕೇಳುತ್ತದೆ.

ತೋಟಾ ಬಂದೂಕಿಗೆ ಬೇಕಾದ 12 ಬೋರಿನ ತೋಟಾಗಳನ್ನು ಪುಣೆಯ ಬಳಿಯ ಖಡಕಿ ಕಾರ್ಖಾನೆ 'ಶಕ್ತಿಮಾನ್' ಹೆಸರಿನಲ್ಲಿ ತಯಾರಿಸುತ್ತದೆ. ಒಂದು ಪೌಂಡ್ ಸೀಸದಿಂದ ನಳಿಗೆಗೆ ಸರಿಹೊಂದುವ 12 ಉಂಡೆಗಳಾದರೆ ಅದು 12 ಬೋರು. ವ್ಯಾಸ ಸುಮಾರು 18.5 ಮಿಲಿಮೀಟರ್. ಪರವಾನಗಿಯಲ್ಲಿ ತೋಟಾಗಳಿಗೆ ಮಿತಿಯಿದೆ, ದೊಡ್ಡ ಚರೆಯ ಎಲ್‌ಜಿ, ಎಸ್‌ಜಿ ತೋಟಾ ಬೇಕೆಂದಾಗ ಅಂಗಡಿಯಲ್ಲಿ ಸಿಗುವುದೂ ಇಲ್ಲ. ಹಕ್ಕಿಯ ಚರೆಯ ತೋಟಾವನ್ನೇ ಕೆಡಿಸಿ ದೊಡ್ಡ ಪ್ರಾಣಿಗೆ ಒದಗಿಸುವ ಕೈಚಳಕ ಹುಟ್ಟಿದ್ದು ಇಲ್ಲಿಂದ. ಇದು ನಮ್ಮಲ್ಲಷ್ಟೇ ಇದ್ದ ಚಾಳಿಯಲ್ಲ. 1930ರ ದಶಕದ ಆರ್ಥಿಕ ಕುಸಿತದ ದಿನಗಳಲ್ಲಿ ಅಮೆರಿಕದ ಬಡ ಬೇಟೆಗಾರರೂ ಇದನ್ನೇ ಮಾಡಿದರು.

ಅಪಾಯ ಮೊದಲು ಎದುರಾಗುವುದು ಹಂದಿಗಲ್ಲ, ಹಾರಿಸುವವನಿಗೆ. ಕಾರ್ಖಾನೆಯ ಬಂದೂಕನ್ನು ಮಾರುವ ಮುನ್ನ ವಾಡಿಕೆಗಿಂತ ಹೆಚ್ಚಿನ ಒತ್ತಡದಲ್ಲಿ ಪರೀಕ್ಷಿಸಿ ಮುದ್ರೆ ಒತ್ತುತ್ತಾರೆ. ಲಂಡನ್ನಿನಲ್ಲಿ ಈ ಪದ್ಧತಿ 1637ರಷ್ಟು ಹಳೆಯದು. ಊರಿನ ನಳಿಗೆಗೆ ಅಂಥ ಪರೀಕ್ಷೆ ನಡೆದಿರುವುದಿಲ್ಲ. ಕಬ್ಬಿಣದ ಬೆಸುಗೆ ಎಲ್ಲಿ ಸಡಿಲವಿದೆ ಎಂಬುದು ಒಡೆದ ಮೇಲೆಯೇ ಗೊತ್ತಾಗುತ್ತದೆ. ಕರಿಮದ್ದು ಸುಟ್ಟಾಗ ಉಳಿಯುವ ಕಿಟ್ಟ ತೇವ ಹೀರಿ ನಳಿಗೆಯನ್ನು ಒಳಗಿಂದ ತಿನ್ನುತ್ತದೆ. ಮಳೆಗಾಲ ಕಳೆದು ಅಟ್ಟದಿಂದ ಇಳಿಸಿದ ಬಂದೂಕು ಹೊರಗೆ ಹೊಳೆದರೂ ಒಳಗೆ ಟೊಳ್ಳಾಗಿರಬಹುದು. ಅಳತೆ ತಪ್ಪಿದ ಗುಂಡು ನಡುವೆ ಸಿಕ್ಕಿಕೊಂಡರೆ, ಅಥವಾ ಗುಂಡಿಗೂ ಮದ್ದಿಗೂ ನಡುವೆ ತೆರಪು ಉಳಿದರೆ, ನಳಿಗೆ ಸೀಳಿ ಎಡಗೈ ಬೆರಳು, ಕಣ್ಣು, ಮುಖಕ್ಕೆ ಪೆಟ್ಟು ಬೀಳುತ್ತದೆ. ಬಾಯಿ ಕಿರಿದಾಗಿಸಿದ ನಳಿಗೆಯಲ್ಲಿ ಈ ಭಯ ಇನ್ನೂ ಹೆಚ್ಚು.

ಎರಡನೆಯ ಅಪಾಯ ನೆರೆಹೊರೆಗೆ. ಸಣ್ಣ ಚರೆ 200–300 ಗಜದಲ್ಲಿ ಬಲಗುಂದಿ ಉದುರುತ್ತದೆ, ದೊಡ್ಡ ಒಂಟಿಗುಂಡು ಕಿಲೋಮೀಟರನ್ನೂ ದಾಟಬಲ್ಲದು. ಗುರಿಯಲ್ಲಿ 50 ಗಜಕ್ಕೆ ನಂಬಲಾಗದ ಗುಂಡು ಕೊಲ್ಲುವುದರಲ್ಲಿ ಅದರ ಇಪ್ಪತ್ತು ಪಟ್ಟು ದೂರ ಹೋಗುತ್ತದೆಂಬುದೇ ಇಲ್ಲಿಯ ಕುತ್ತು. ಅಂತರಗಂಗೆ, ಟೇಕಲ್ ಕಡೆಯ ಬಂಡೆನೆಲದಲ್ಲಿ ಸೀಸ ಕಲ್ಲಿಗೆ ತಾಗಿ ಯಾವ ದಿಕ್ಕಿಗಾದರೂ ಚಿಮ್ಮೀತು. ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಕಾವಲಿನವರು ಮಲಗಿರುತ್ತಾರೆ, ಮಾಲೂರಿನ ಇಟ್ಟಿಗೆ ಗೂಡುಗಳ ಸುತ್ತ ಕೂಲಿಕಾರರ ಗುಡಿಸಲುಗಳಿರುತ್ತವೆ, ಟೊಮೆಟೊ ಹೊಲಕ್ಕೆ ರಾತ್ರಿ ಕರೆಂಟು ಬಂದಾಗ ನೀರು ಬಿಡಲು ರೈತ ಹೋಗಿರುತ್ತಾನೆ. ಕತ್ತಲಲ್ಲಿ ಅಲುಗಿದ್ದೆಲ್ಲ ಹಂದಿಯಲ್ಲ.

ಮೂರನೆಯದು, ಗಾಯಗೊಂಡು ಉಳಿದ ಪ್ರಾಣಿ. ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು 1907ರಲ್ಲಿ ಕೊಂದ ಜಿಮ್ ಕಾರ್ಬೆಟ್, ಹಿಂದೊಮ್ಮೆ ತಗುಲಿದ ಗುಂಡು ಅದರ ಕೋರೆಹಲ್ಲು ಮುರಿದದ್ದೇ ಅದು ಮನುಷ್ಯರನ್ನು ಹಿಡಿಯಲು ಕಾರಣವೆಂದ. ಅದೇ ಕಾರ್ಬೆಟ್ ಹುಡುಗನಾಗಿದ್ದಾಗ ಬೇಟೆ ಕಲಿತದ್ದು ಒಂದು ನಳಿಗೆ ಸೀಳಿಹೋಗಿದ್ದ ಬಾಯಿತುಂಬುವ ಬಂದೂಕಿನಲ್ಲಿ! ಕೋಲಾರದಲ್ಲಿ ಈಗ ಹುಲಿಯ ಮಾತಿಲ್ಲ, ಆನೆಯದಿದೆ. 1980ರ ದಶಕದಲ್ಲಿ ಹೊಸೂರು ಕಡೆಯ ಕಾಡಿನಿಂದ ಆನೆಗಳು ಚಿತ್ತೂರು ಜಿಲ್ಲೆಗೆ ಸರಿದವು, 1990ರಲ್ಲಿ ಅಲ್ಲಿ ಕೌಂಡಿನ್ಯ ವನ್ಯಜೀವಿ ಧಾಮವಾಯಿತು. ಇವೆರಡರ ನಡುವಿನ ಓಡಾಟಕ್ಕೆ ಮಾಲೂರು, ಬಂಗಾರಪೇಟೆ, ಮುಳಬಾಗಿಲಿನ ಹೊಲಗಳು ದಾರಿಯಾದವು. ಆನೆಯ ಮೇಲೆ ನಾಡಬಂದೂಕಿನ ಗುಂಡು ಹಾರಿಸಿದರೆ ಅದು ಸಾಮಾನ್ಯವಾಗಿ ಕೂಡಲೇ ಸಾಯುವುದಿಲ್ಲ; ಕೀವುಗಟ್ಟಿದ ಗಾಯ ಹೊತ್ತು, ಮುಂದಿನ ಊರಿನಲ್ಲಿ ಎದುರಾದವರ ಮೇಲೆ ನುಗ್ಗಬಹುದು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಈಗ ಬೇಟೆಯನ್ನು ನಿಷೇಧಿಸುತ್ತದೆ. ಬೆಳೆ ರಕ್ಷಣೆಯ ಪರವಾನಗಿ ಬಂದೂಕು ಇಟ್ಟುಕೊಳ್ಳಲು ಮಾತ್ರ. ಕಾಡುಹಂದಿಯನ್ನು ಕೊಲ್ಲಲು ಅದೇ ಕಾಯಿದೆಯ 11ನೆಯ ಪ್ರಕರಣದಡಿ ಅರಣ್ಯ ಇಲಾಖೆಯ ಅಧಿಕೃತರು ಲಿಖಿತ ಅಪ್ಪಣೆ ಕೊಡಬೇಕು. ಇವೆರಡೂ ಒಂದೇ ಎಂದು ತಿಳಿದು ಮೊಕದ್ದಮೆಗೆ ಸಿಕ್ಕಿಬೀಳುವವರಿದ್ದಾರೆ. ನೆರೆಯ ಕೇರಳ 2022ರಲ್ಲಿ ಈ ಅಪ್ಪಣೆಯ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರ ಕೈಗೆ ಕೊಟ್ಟು ಬೇರೆ ದಾರಿ ಹಿಡಿಯಿತು. ಪರವಾನಗಿಯಿಲ್ಲದೆ ಬಂದೂಕನ್ನಾಗಲಿ ಮದ್ದುಗುಂಡನ್ನಾಗಲಿ ತಯಾರಿಸುವುದಕ್ಕೆ ಆಯುಧ ಕಾಯಿದೆಯ 2019ರ ತಿದ್ದುಪಡಿಯ ಪ್ರಕಾರ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆಯಿದೆ. ಹಂದಿ ತುಳಿದ ಒಂದು ಎಕರೆ ಕಡಲೆಕಾಯಿಗೆ ಇದು ಯಾವ ಲೆಕ್ಕದಲ್ಲೂ ಸರಿದೂಗದ ಬೆಲೆ. ಅರಣ್ಯ ಇಲಾಖೆಯ ಬೆಳೆ ಪರಿಹಾರ ತಡವಾಗುತ್ತದೆ, ಸಾಲುವುದಿಲ್ಲ ಎಂಬ ದೂರು ನ್ಯಾಯವಾದದ್ದೇ. ಆದರೂ ಕೈಯಲ್ಲಿರುವ ದಾರಿಗಳಲ್ಲಿ ರೈತನ ಮೈಗೆ ಅಪಾಯವಿಲ್ಲದ್ದು ಅದೇ.

ತಾತನ ಕಾಲದ ಬಂದೂಕು ಅಟ್ಟದ ಮೇಲೆ ಉಳಿದಿದ್ದು, ಪರವಾನಗಿದಾರರು ತೀರಿಕೊಂಡಿದ್ದರೆ ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಆಯುಧ ಕಾಯಿದೆಯ 21ನೆಯ ಪ್ರಕರಣದಂತೆ ತಡಮಾಡದೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಪರವಾನಗಿಯುಳ್ಳ ಆಯುಧ ವ್ಯಾಪಾರಿಗೆ ಒಪ್ಪಿಸಬೇಕು. ಒಳಗೆ ಹಳೆಯ ಮದ್ದು ಉಳಿದಿರುವ ಸಾಧ್ಯತೆಯಿರುವುದರಿಂದ ಅದರ ಕುದುರೆಯನ್ನು ಎಳೆದು ನೋಡುವ ಸಾಹಸ ಬೇಡ.