ನಾಲ್ಕು ವರ್ಷದ ಕೂಸು ಯಾರ ಮನೆಗೆ ಕನ್ನ ಹಾಕೀತು?

1850ರಲ್ಲಿ ಕಂಪನಿ ಸರ್ಕಾರ ಅಪ್ರೆಂಟಿಸ್ ಕಾಯ್ದೆ ತಂದಿತು. ಸಣ್ಣಪುಟ್ಟ ಕಳ್ಳತನಕ್ಕೆ ಸಿಕ್ಕಿಬಿದ್ದ ಬಡ ಹುಡುಗರನ್ನು ಜೈಲಿಗೆ ಹಾಕುವ ಬದಲು ಯಾರಾದರೂ ಕಸುಬುದಾರನ ಕೈಕೆಳಗೆ ಕೆಲಸಕ್ಕೆ ಕಟ್ಟಿಹಾಕಬಹುದು ಅಂತ ಅದರಲ್ಲಿತ್ತು. ಮಕ್ಕಳಿಗೆ ಅಂತ ಬಂದ ಮೊದಲ ಕರುಣೆಯೇ ಜೀತದ ವೇಷದಲ್ಲಿ ಬಂತು.

1876ರ ರಿಫಾರ್ಮೇಟರಿ ಶಾಲೆ ಕಾಯ್ದೆಯನ್ನು 1897ರಲ್ಲಿ ಹೊಸದಾಗಿ ಬರೆದರು. ಶಿಕ್ಷೆಯಾದ 15 ವರ್ಷದೊಳಗಿನ ಹುಡುಗರನ್ನು ಜೈಲು ಬಿಟ್ಟು ಶಾಲೆಗೆ ಕಳಿಸಬಹುದು ಅನ್ನೋದು ಅದರ ಮಾತು. ಅದೇ 1897ರಲ್ಲಿ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಗೂ ತಿದ್ದುಪಡಿ ಆಯ್ತು. 4ರಿಂದ 18 ವರ್ಷದ ಮಕ್ಕಳನ್ನು ಹೆತ್ತವರಿಂದ ಕಿತ್ತು ಬೇರೆ ಕಡೆ ಕೂಡಿಡೋ ಅಧಿಕಾರ ಸರ್ಕಾರಕ್ಕೆ ಸಿಕ್ಕಿತು. ಒಂದು ಕಾಯ್ದೆಗೆ ಹುಡುಗ ಏನಾದರೂ ಮಾಡಿರಬೇಕಿತ್ತು. ಇನ್ನೊಂದಕ್ಕೆ ಹುಟ್ಟಿದ್ದರೆ ಸಾಕಿತ್ತು!

ಹುಬ್ಬಳ್ಳಿ, ಗದಗಿನಲ್ಲಿ 'ಸೆಟ್ಲಮೆಂಟ್' ಅನ್ನೋ ಹೆಸರು ಇವತ್ತಿಗೂ ಜನರ ಬಾಯಲ್ಲಿದೆ. ಗಂಟಿಚೋರರ ಹೆಸರಿಗೇ 'ಚೋರ' ಅಂಟಿಕೊಂಡಿದೆ. 1952ರಲ್ಲಿ ಆ ಕಾಯ್ದೆ ಸತ್ತಿತು. ಪೊಲೀಸರ ಅನುಮಾನ ಸಾಯಲಿಲ್ಲ.

ಆಮೇಲಿನದ್ದು ವಯಸ್ಸಿನ ಗೆರೆ ಎಳೆದು ಅಳಿಸಿದ ಕಥೆ. 1986ರ ಬಾಲನ್ಯಾಯ ಕಾಯ್ದೆ ಗಂಡುಹುಡುಗರಿಗೆ 16, ಹೆಣ್ಣುಮಕ್ಕಳಿಗೆ 18 ಅಂದಿತು. 2000ದ ಕಾಯ್ದೆ ಇಬ್ಬರಿಗೂ 18 ಮಾಡಿತು. 2012ರ ಡಿಸೆಂಬರಿನಲ್ಲಿ ದೆಹಲಿಯ ಬಸ್ಸಿನಲ್ಲಿ ನಡೆದ ಅತ್ಯಾಚಾರದಿಂದ ದೇಶ ಸಿಟ್ಟಿಗೆದ್ದಿತು. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಅದರ ಬೆನ್ನಿಗೆ ಬಂದ 2015ರ ಕಾಯ್ದೆ, ಘೋರ ಅಪರಾಧದ ಆಪಾದನೆ ಹೊತ್ತ 16ರಿಂದ 18ರವರನ್ನು ದೊಡ್ಡವರ ಹಾಗೆ ವಿಚಾರಣೆ ಮಾಡೋ ಬಾಗಿಲು ತೆರೆಯಿತು.

ಅಂಕಿಗಳು ಏನು ಹೇಳ್ತವೆ? 2013ರಲ್ಲಿ ದೇಶದ ಒಟ್ಟು ಐಪಿಸಿ ಅಪರಾಧಗಳಲ್ಲಿ ಮಕ್ಕಳ ಪಾಲು ನೂರಕ್ಕೆ 1.2 ಮಾತ್ರ. ಹಿಡಿದದ್ದು 43,506 ಮಕ್ಕಳನ್ನು. ಅವರಲ್ಲಿ ಅರ್ಧದಷ್ಟು ಮಕ್ಕಳ ಮನೆಯ ವರ್ಷದ ವರಮಾನ 25,000 ರೂಪಾಯಿ ದಾಟಿರಲಿಲ್ಲ. 8,392 ಮಕ್ಕಳಿಗೆ ಅಕ್ಷರವೇ ಗೊತ್ತಿರಲಿಲ್ಲ, 13,984 ಮಕ್ಕಳ ಓದು ಪ್ರಾಥಮಿಕ ಶಾಲೆ ದಾಟಿರಲಿಲ್ಲ. ಇವರೇನು ದಿಕ್ಕಿಲ್ಲದವರೇ? ಅಲ್ಲ. ನೂರಕ್ಕೆ 80ಕ್ಕೂ ಹೆಚ್ಚು ಮಕ್ಕಳು ಅಪ್ಪ ಅವ್ವನ ಜೊತೆಗೇ ಇದ್ದವರು. 2016ರಲ್ಲಿ 35,849 ಇದ್ದ ಪ್ರಕರಣಗಳು 2022ಕ್ಕೆ 30,555ಕ್ಕೆ ಇಳಿದವು. ಮಕ್ಕಳು ಕೆಟ್ಟುಹೋದರು ಅನ್ನೋ ಕೂಗು ಮಾತ್ರ ಇಳಿದಿಲ್ಲ.

ಗೆಳೆಯರೇ, ಮೇಷ್ಟ್ರೇ, 18ರೊಳಗಿನ ಯಾವ ಮಗುವನ್ನೂ ಲಾಕಪ್ಪಿನಲ್ಲಿ ಇಡೋ ಹಾಗಿಲ್ಲ. 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲಿಸಬೇಕು. ಇದು ಕಾನೂನು. ಇದನ್ನು ಕೇರಿಯ ಪ್ರತಿಯೊಬ್ಬ ತಾಯಿಗೂ ಹೇಳಿ. ಹಾಜರಿ ಪುಸ್ತಕದಲ್ಲಿ ಒಂದು ಹೆಸರು ಹೊಡೆದುಹಾಕೋ ಮುಂಚೆ ಆ ಹುಡುಗನ ಮನೆಗೆ ಒಂದು ಸಲ ಹೋಗಿಬನ್ನಿ.