21 ದಿನ ನೆನೆಯದಿದ್ದರೆ ಒನ್‌ಸೈಡ್ ಲವ್ ಮರೆತುಹೋಗುತ್ತದೆಯೇ?

ನೀವು ಇಷ್ಟಪಟ್ಟವರು ನಿಮ್ಮನ್ನು ಇಷ್ಟಪಡುತ್ತಿಲ್ಲವೇ? 21 ದಿನ ಅವರನ್ನು ನೆನೆಯಲೇಬೇಡಿ, 22ನೇ ದಿನ ಮನಸ್ಸು ಖಾಲಿ! ಇಂಥ ಮಾತು ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲೋ ರೀಲ್ಸ್‌ನಲ್ಲೋ ನಿಮ್ಮ ಕಣ್ಣಿಗೂ ಬಿದ್ದಿರಬಹುದು. ಇದು ನಿಜವೇ? ಅಲ್ಲ.

ಮೊದಲಿಗೆ, ಈ 21 ಎಂಬ ಸಂಖ್ಯೆಯ ಮೂಲ ನೋಡೋಣ. ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ 1960ರಲ್ಲಿ ಬರೆದ ಪುಸ್ತಕದಲ್ಲಿ, ಆಪರೇಷನ್ ಆದವರಿಗೆ ತಮ್ಮ ಹೊಸ ಮುಖ ರೂಢಿಯಾಗಲು ಕನಿಷ್ಠ 21 ದಿನ ಬೇಕಾಗುತ್ತದೆ ಎಂದಿದ್ದರು. ಬಾಯಿಂದ ಬಾಯಿಗೆ ಹೋಗುವಾಗ 'ಕನಿಷ್ಠ' ಉದುರಿಹೋಯಿತು, 'ಮುಖ' ಹೋಗಿ 'ಅಭ್ಯಾಸ' ಬಂತು, ಈಗ ಪ್ರೀತಿಯೂ ಸೇರಿಕೊಂಡಿದೆ. ಅಭ್ಯಾಸದ ವಿಷಯದಲ್ಲೂ ಈ ಲೆಕ್ಕ ಸರಿಯಿಲ್ಲ. ಲಂಡನ್ನಿನ ಸಂಶೋಧಕರು ಊಟ, ವ್ಯಾಯಾಮದಂಥ ಸಣ್ಣ ಅಭ್ಯಾಸಗಳನ್ನು ಪರೀಕ್ಷಿಸಿದಾಗ 18ರಿಂದ 254 ದಿನಗಳವರೆಗಿನ ಅಂದಾಜು ಸಿಕ್ಕಿತ್ತು.

ಪ್ರೀತಿಯ ಕಥೆ ಇನ್ನೂ ಬೇರೆ. ಹೆಲೆನ್ ಫಿಶರ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರೀತಿಸಿದವರು ಬಿಟ್ಟುಹೋದ 15 ಜನರನ್ನು ಸ್ಕ್ಯಾನರ್‌ನಲ್ಲಿ ಮಲಗಿಸಿ ಆ ವ್ಯಕ್ತಿಯ ಫೋಟೊ ತೋರಿಸಲಾಯಿತು. ಕೊಕೇನ್ ವ್ಯಸನಿಗಳ ಚಡಪಡಿಕೆಗೆ ಸಂಬಂಧಿಸಿದ ಮೆದುಳಿನ ಭಾಗಗಳೇ ಇವರಲ್ಲೂ ಚುರುಕಾದವು. ಗಮನಿಸಿ, ಇವರಿಗೆ ಸಂಬಂಧ ಮುರಿದು ಸರಾಸರಿ ಎರಡು ತಿಂಗಳಾಗಿತ್ತು! ಆದರೆ ದಿನ ಹೆಚ್ಚು ಕಳೆದವರಲ್ಲಿ, ಬಾಂಧವ್ಯಕ್ಕೆ ಸಂಬಂಧಿಸಿದ ಒಂದು ಭಾಗದ ಚಟುವಟಿಕೆ ಕಡಿಮೆಯಿತ್ತು. ಹದಿನೈದು ಜನ ಎಂದರೆ ಚಿಕ್ಕ ಗುಂಪು, ಅವರದು ಪೂರ್ತಿ ಒನ್‌ಸೈಡ್ ಕಥೆಯೂ ಅಲ್ಲ. ಆದರೂ 25ನೇ ದಿನ ಅಳು ಬಂದವರು 'ನನ್ನಲ್ಲೇ ಏನೋ ದೋಷವಿದೆ' ಎಂದುಕೊಳ್ಳಬೇಕಿಲ್ಲ ಎನ್ನಲು ಇಷ್ಟು ಸಾಕು. ಈ ಮೆಸೇಜಿನ ಬಗ್ಗೆ ನಮಗಿರುವ ದೊಡ್ಡ ತಕರಾರೂ ಇದೇ.

ಇನ್ನು 'ನೆನೆಯಲೇಬೇಡಿ' ಎಂಬ ಸಲಹೆ. ಡೇನಿಯಲ್ ವೆಗ್ನರ್ 1987ರಲ್ಲಿ ಕೆಲವರಿಗೆ, ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದರು. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ ನೆನೆಯಬಹುದು ಎಂದಾಗ, ಮೊದಲಿನಿಂದಲೂ ಅನುಮತಿ ಇದ್ದವರಿಗಿಂತ ಇವರಿಗೇ ಕರಡಿ ಹೆಚ್ಚು ನೆನಪಾಯಿತು.

ಹಾಗಾದರೆ ಏನು ಮಾಡಬಹುದು? ನೆನಪು ಬಂದರೆ ಬರಲಿ, ಅದರೊಂದಿಗೆ ಜಗಳ ಬೇಡ. ನಮ್ಮ ಕೈಯಲ್ಲಿರುವುದು ಫೋನು. ಲಾಸ್ಟ್ ಸೀನ್, ಡಿಪಿ, ಸ್ಟೇಟಸ್ ನೋಡಿದಷ್ಟೂ ಚಡಪಡಿಕೆ ಹೊಸದಾಗುತ್ತದೆ. ಬ್ಲಾಕ್ ಮಾಡಲು ಮನಸ್ಸಾಗದಿದ್ದರೆ ಮ್ಯೂಟ್ ಮಾಡಿ, ಹಳೆಯ ಚಾಟ್ ಆರ್ಕೈವ್‌ಗೆ ಹಾಕಿ. ನಂಬಿಕೆಯ ಒಬ್ಬರ ಹತ್ತಿರ ಹೇಳಿಕೊಳ್ಳಿ. 'ಬಿಟ್ಟಾಕು ಮಾರಾಯ' ಎನ್ನುವವರಿಗಿಂತ ಸುಮ್ಮನೆ ಕೇಳಿಸಿಕೊಳ್ಳುವವರು ಒಳ್ಳೆಯದು.

ವಾರಗಟ್ಟಲೆ ನಿದ್ದೆ, ಊಟ, ಕೆಲಸ ಕೆಟ್ಟರೆ ವೈದ್ಯರನ್ನು ಕಾಣಿ. ಸಾಯುವ ಯೋಚನೆ ಬಂದರೆ ಒಂದು ದಿನವೂ ಕಾಯಬೇಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಫಾರ್ವರ್ಡ್ ಮಾಡುವುದಾದರೆ ಈ ನಂಬರ್ ಮಾಡಿ.