ಗುಜರಿಯಲ್ಲಿ ಉಳಿದಿರೋ ಕಾರ್ಖಾನೆ: ಜಾವಾ, ಯೆಜ್ಡಿ ಪಾರ್ಟ್ಸ್ ಹುಡುಕೋರಿಗೆ ಒಂದಿಷ್ಟು ಇತಿಹಾಸ

(1/6)
"ಹಳೇ ಜಾವಾ ಇಂಜಿನ್ ಇಟ್ಕೊಂಡು ಕಸ್ಟಮ್ ಬೈಕ್ ಕಟ್ಟಬೇಕು, ಪಾರ್ಟ್ಸ್ ಎಲ್ಲಿ ಸಿಗತ್ತೆ?" ಡಿಎಂ ತೆಗೆದ್ರೆ ಇದೇ ಪ್ರಶ್ನೆ. ನಮ್ಮ ಕ್ಲಾಸಿನವರೂ ಕೇಳಿದ್ದೀರಿ, ಹೆಸರು ಹೇಳಲ್ಲ ಬಿಡಿ.

ಸಿಗೋದು ಗುಜರಿಯಲ್ಲೇ. ಬೆಂಗಳೂರಾದ್ರೆ ಶಿವಾಜಿನಗರದ ಗುಜರಿ ಸಾಲು, ಚೆನ್ನೈಯಾದ್ರೆ ಪುದುಪೇಟೆ, ದೆಹಲಿಯಾದ್ರೆ ಮಾಯಾಪುರಿ. ವಿಳಾಸ ಹೇಳೋದು ಸುಲಭ. ಆದ್ರೆ ಅಲ್ಲಿ ಎಣ್ಣೆ, ಮಣ್ಣು ಮೆತ್ತಿಕೊಂಡ ನೂರು ತುಂಡುಗಳ ಮುಂದೆ ನಿಂತಾಗ ಯಾವುದನ್ನ ಎತ್ಕೋಬೇಕು, ಯಾವುದನ್ನ ಬಿಡಬೇಕು, ಯಾವುದಕ್ಕೆ ಗ್ರೈಂಡರ್ ತಾಗಿಸಲೇಬಾರದು ಅನ್ನೋದು ಗೊತ್ತಾಗ್ಬೇಕಾದ್ರೆ, ಆ ತುಂಡು ಅಲ್ಲಿಗೆ ಹೇಗೆ ಬಂತು ಅಂತ ತಿಳಿದಿರಬೇಕು. ಅದು ಮೈಸೂರಿನ ಒಂದು ಕಾರ್ಖಾನೆಯ ಕಥೆ. ಸ್ವಲ್ಪ ಉದ್ದ ಇದೆ, ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ.

(2/6)
ಜಾವಾ ಅನ್ನೋದು ದ್ವೀಪದ ಹೆಸರಲ್ಲ. ಪ್ರಾಗ್ ನಗರದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಅಂತ ಒಬ್ಬ ಶಸ್ತ್ರಾಸ್ತ್ರ ತಯಾರಕ ಇದ್ದ. 1929ರಲ್ಲಿ ವಾಂಡರರ್ ಅನ್ನೋ ಜರ್ಮನ್ ಕಂಪನಿಯ ಮೋಟಾರ್‌ಸೈಕಲ್ ವಿನ್ಯಾಸ ಕೊಂಡು ಬೈಕ್ ಮಾಡೋಕೆ ಶುರು ಮಾಡಿದ. ಅವನ ಹೆಸರಿನ ಮೊದಲ ತುಂಡು, ಆ ಕಂಪನಿ ಹೆಸರಿನ ಮೊದಲ ತುಂಡು ಸೇರಿ ಜಾವಾ ಆಯ್ತು. ಹೆಸರೇ ಎರಡು ಕಡೆಯ ಪಾರ್ಟ್ಸ್ ಜೋಡಿಸಿ ಕಟ್ಟಿದ್ದು, ಕಸ್ಟಮ್ ಹುಚ್ಚಿನವರಿಗೆ ಇಷ್ಟವಾಗೋ ವಿಷಯ!

ಭಾರತಕ್ಕೆ ಮೊದಲು ಇವು ಆಮದಾಗಿ ಬರ್ತಿದ್ವು. 1950ರ ದಶಕದಲ್ಲಿ ಸರ್ಕಾರ ಆಮದಿಗೆ ಕಡಿವಾಣ ಹಾಕ್ತು. ಆಗ ಮುಂಬೈನಲ್ಲಿ ಇವನ್ನ ತರಿಸಿ ಮಾರ್ತಿದ್ದ ರುಸ್ತುಂ ಇರಾನಿ, ಇಲ್ಲೇ ತಯಾರಿಸೋಣ ಅಂತ ಹೊರಟರು. ಅವರು ಆರಿಸಿದ ಊರು ಮೈಸೂರು, ಜಾಗ ಯಾದವಗಿರಿ, ಕಂಪನಿ ಐಡಿಯಲ್ ಜಾವಾ. ಉದ್ಘಾಟಿಸಿದವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. 1961ರಿಂದ ಗಾಡಿಗಳು ಹೊರಗೆ ಬಂದ್ವು.

ಶುರುವಿನಲ್ಲಿ ಬಹಳಷ್ಟು ಭಾಗಗಳು ಜೆಕೊಸ್ಲೊವಾಕಿಯಾದಿಂದ ಪೆಟ್ಟಿಗೆಯಲ್ಲಿ ಬಂದು ಇಲ್ಲಿ ಜೋಡಣೆ ಆಗ್ತಿದ್ವು. ಬರ್ತಾ ಬರ್ತಾ ಇಲ್ಲೇ ಎರಕ ಹೊಯ್ದು, ಇಲ್ಲೇ ಕಡೆದು ಮಾಡೋದು ಹೆಚ್ಚಾಯ್ತು. 1970ರ ದಶಕದ ಮೊದಲ ಭಾಗದಲ್ಲಿ ಜೆಕ್ ಕಂಪನಿ ಜೊತೆಗಿನ ಒಪ್ಪಂದ ಮುಗಿದು ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಆಯ್ತು. ಇರಾನಿನ ಯಜ್ದ್ ಊರಿನ ನೆನಪಿಗೆ ಇಟ್ಟಿದ್ದು ಅಂತ ಸಾಮಾನ್ಯವಾಗಿ ಹೇಳ್ತಾರೆ. 1978ರಲ್ಲಿ ರೋಡ್‌ಕಿಂಗ್ ಬಂತು. ಈ ದಿನಾಂಕಗಳನ್ನ ನೆನಪಿಟ್ಕೊಳ್ಳಿ, ಗುಜರಿಯಲ್ಲಿ ಬೇಕಾಗತ್ತೆ.

(3/6)
ಹಾಗಾದ್ರೆ ಇಷ್ಟು ಗಟ್ಟಿ ಗಾಡಿಗಳು ಗುಜರಿಗೆ ಯಾಕೆ ಬಿದ್ವು? ಕೆಟ್ಟು ಹೋಗಿದ್ದಕ್ಕಲ್ಲ ಅನ್ನೋದೇ ಬೇಜಾರು.

1984ರಿಂದ 1986ರ ಒಳಗೆ ಜಪಾನ್ ಕಂಪನಿಗಳ ಸಹಯೋಗದ 100 ಸಿಸಿ ಬೈಕ್‌ಗಳು ಸಾಲಾಗಿ ಬಂದ್ವು: ಇಂಡ್-ಸುಜುಕಿ, ಹೀರೋ ಹೋಂಡಾ ಸಿಡಿ 100, ಯಮಹಾ ಆರ್‌ಎಕ್ಸ್ 100, ಕವಾಸಾಕಿ ಬಜಾಜ್. ಹಗುರ, ಒಂದೇ ಕಿಕ್ಕಿಗೆ ಸ್ಟಾರ್ಟು, ಪೆಟ್ರೋಲು ಕಮ್ಮಿ. ಮನೆಯಲ್ಲಿ ಲೆಕ್ಕ ಹಾಕೋರಿಗೆ 250 ಸಿಸಿ ಟೂ-ಸ್ಟ್ರೋಕ್ ಭಾರ ಅನ್ನಿಸ್ತು. ಯೆಜ್ಡಿ ಎರಡು ಸಿಲಿಂಡರಿನ 350 ಕೂಡ ತಂತು, ಅದು ಇನ್ನೂ ದುಬಾರಿ, ಇನ್ನೂ ಹೊಟ್ಟೆಬಾಕ. 1991ರಲ್ಲಿ ಮೊದಲ ಹೊಗೆ ನಿಯಮ ಬಂತು, 1996ರಲ್ಲಿ ಅದು ಬಿಗಿಯಾಯ್ತು. ಕಾರ್ಮಿಕ ವಿವಾದ, ಸಾಲ ಎಲ್ಲ ಸೇರಿ 1996ರಲ್ಲಿ ಕಾರ್ಖಾನೆ ಬಾಗಿಲು ಹಾಕ್ತು. 2001ರಲ್ಲಿ ಹೈಕೋರ್ಟ್ ಕಂಪನಿಯನ್ನ ಮುಚ್ಚೋ ಆದೇಶ ಕೊಡ್ತು.

ಕಂಪನಿ ಮುಚ್ಚಿದ್ರೆ ಏನಾಗತ್ತೆ ಯೋಚಿಸಿ. ಗ್ಯಾಸ್ಕೆಟ್‌ನಿಂದ ಹಿಡಿದು ಪಿಸ್ಟನ್ ತನಕ ಕಂಪನಿ ಮಾಲು ಬರೋದು ನಿಲ್ಲತ್ತೆ. ಒಂದು ಸಣ್ಣ ಪಾರ್ಟ್ ಸಿಗದೆ ಚೆನ್ನಾಗಿರೋ ಗಾಡಿ ಮನೆ ಹಿಂದಿನ ಶೆಡ್ಡಲ್ಲಿ ಕೂರತ್ತೆ. ಹತ್ತು ವರ್ಷ ಆದ್ಮೇಲೆ ಯಾರೋ "ಜಾಗ ತಿಂತಿದೆ" ಅಂತಾರೆ, ತಕ್ಕಡಿಗೆ ಹೋಗತ್ತೆ. ಕಬ್ಬಿಣ ಒಂದು ರೇಟು, ಅಲ್ಯೂಮಿನಿಯಂ ಒಂದು ರೇಟು. ಅಲ್ಯೂಮಿನಿಯಂಗೆ ಬೆಲೆ ಜಾಸ್ತಿ ನೋಡಿ, ಅದಕ್ಕೇ ಇಂಜಿನ್ ಮೊದಲು ಬಿಚ್ಚೋದು. ಚಾಸಿ, ಟ್ಯಾಂಕ್ ಒಂದು ಕಡೆ, ಕ್ರ್ಯಾಂಕ್‌ಕೇಸ್ ಇನ್ನೊಂದು ಕಡೆ ಸಿಗೋದಕ್ಕೆ ಇದೇ ಕಾರಣ.

ಕಾರ್ಖಾನೆಯಲ್ಲಿ ಕಲಿತ ಕೈಗಳು ಮಾತ್ರ ಗ್ಯಾರೇಜುಗಳಲ್ಲಿ ಉಳಿದ್ವು. ನಿಮ್ಮ ಏರಿಯಾದಲ್ಲಿ ಅಂಥ ಹಿರಿಯ ಮೆಕ್ಯಾನಿಕ್ ಇದ್ರೆ, ಪಾರ್ಟ್ ಕೊಳ್ಳೋ ಮುಂಚೆ ಅವರ ಹತ್ರ ಹೋಗಿ ಕೂತ್ಕೊಳ್ಳಿ. ಟೀ ತಗೊಂಡು ಹೋಗಿ, ಫೋನ್ ಜೇಬಲ್ಲಿಡಿ.

(4/6)
ಈಗ ತುಂಡುಗಳನ್ನ ಓದೋದು. ಬಟ್ಟೆ, ಟಾರ್ಚು, ಚಿಕ್ಕ ವೈರ್ ಬ್ರಷ್ ಇಟ್ಕೊಂಡು ಹೋಗಿ.

ಮೊದಲು ಅಕ್ಷರ ನೋಡಿ. ಕಾರ್ಬುರೇಟರ್ ಮೇಲೆ ಯಿಕೋವ್ (ಇಂಗ್ಲಿಷ್ ಜೆ ಅಕ್ಷರದಿಂದ ಶುರುವಾಗತ್ತೆ), ಎಲೆಕ್ಟ್ರಿಕಲ್ ಭಾಗದ ಮೇಲೆ ಪಾಲ್ ಅಂತ ಇದ್ರೆ ಅವು ಜೆಕ್ ಬ್ರ್ಯಾಂಡುಗಳು, ಸಾಮಾನ್ಯವಾಗಿ ಶುರುವಿನ ವರ್ಷಗಳ ಮಾಲು. ಇಂಜಿನ್ ಕವರಿನ ಮೇಲೆ ಜಾವಾ ಇದೆಯಾ, ಯೆಜ್ಡಿ ಇದೆಯಾ ಅನ್ನೋದು ದಶಕ ಹೇಳತ್ತೆ. ಪಕ್ಕದಲ್ಲಿ ನಂಬರ್ ಪ್ಲೇಟ್ ಬಿದ್ದಿದ್ರೆ ಅದನ್ನೂ ತಿರುಗಿಸಿ ನೋಡಿ. ಎಂ.ವೈ. ಅಂತ ಶುರುವಾಗಿದ್ರೆ ಆ ಗಾಡಿ ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಅಂತ ಹೆಸರಿದ್ದ ಕಾಲದ ಸರಣಿಯದು. ಕರ್ನಾಟಕ ಅಂತ ಹೆಸರಾಗಿದ್ದು 1973ರ ನವೆಂಬರ್ 1ಕ್ಕೆ. ರಾಜ್ಯದ ಹೆಸರಿಗಿಂತ ಹಳೇ ಗಾಡಿ!

ಕ್ರ್ಯಾಂಕ್‌ಕೇಸ್ ಎರಡು ಹೋಳು. ಅವು ಜೋಡಿಯಾಗೇ ಇರಬೇಕು. ಒಂದು ಹೋಳು ಈ ಅಂಗಡಿಯದು, ಇನ್ನೊಂದು ಆ ಅಂಗಡಿಯದು ಅಂತ ಸೇರಿಸಿದ್ರೆ ಬೇರಿಂಗ್ ಕೂರೋ ಜಾಗ ನೇರ ಬರದೆ ಇಂಜಿನ್ ಬಿಗಿಯಾಗತ್ತೆ. ಕ್ರ್ಯಾಂಕ್ ಸಿಕ್ರೆ ಕನೆಕ್ಟಿಂಗ್ ರಾಡ್ ಹಿಡಿದು ಮೇಲೆ ಕೆಳಗೆ ಎಳೀರಿ. ಆ ದಿಕ್ಕಲ್ಲಿ ಟಕ್ ಟಕ್ ಅಂದ್ರೆ ಬಿಗ್ ಎಂಡ್ ಹೋಗಿದೆ. ಪಕ್ಕಕ್ಕೆ ಸ್ವಲ್ಪ ಆಡಿದ್ರೆ ಗಾಬರಿ ಬೇಡ. ಪ್ಲಗ್ ಇಲ್ಲದೆ ಮಳೆಯಲ್ಲಿ ಬಿದ್ದ ಇಂಜಿನ್ ಆದ್ರೆ ಒಳಗೆ ತುಕ್ಕಿನ ಗುಳಿ ಬಿದ್ದಿರತ್ತೆ, ಹೊರಗಿನ ಪಾಲಿಶ್ ನೋಡಿ ಮರುಳಾಗಬೇಡಿ.

ಬ್ಲಾಕ್ ನೋಡೋವಾಗ ಸೈಲೆನ್ಸರ್ ಪೈಪು ಕೂರೋ ಮರೆ, ಅಂದ್ರೆ ಥ್ರೆಡ್, ಚೆಕ್ ಮಾಡಿ. ಈ ಗಾಡಿಗೆ ಸಿಲಿಂಡರ್ ಒಂದು, ಪೈಪು ಎರಡು. ಎರಡನ್ನೂ ದೊಡ್ಡ ನಟ್ಟಿನಿಂದ ಬಿಗಿಯೋದು. ಅದು ಸಡಿಲ ಬಿಟ್ಟೇ ಓಡಿಸಿ ಮರೆ ತಿಂದು ಹೋಗಿರೋ ಬ್ಲಾಕ್‌ಗಳೇ ಜಾಸ್ತಿ. ಬೋರ್ 65 ಮಿ.ಮೀ., ಸ್ಟ್ರೋಕ್ 75 ಮಿ.ಮೀ. ವರ್ನಿಯರ್ ಇಟ್ಟು ಅಳೆದ್ರೆ ಎಷ್ಟು ಸಲ ಬೋರ್ ಮಾಡಿಸಿದ್ದಾರೆ ಅಂತ ಅಂದಾಜು ಸಿಗತ್ತೆ. ಇನ್ನೊಂದು ಸಲಕ್ಕೆ ಜಾಗ ಉಳಿದಿಲ್ಲ ಅಂದ್ರೆ ಲೈನರ್ ಖರ್ಚು ನಿಮ್ಮದು.

ಇನ್ನು ಈ ಗಾಡಿಯ ಮಜಾ ಇರೋದು ಎಡಗಡೆ. ಕಿಕ್ಕರ್, ಗೇರ್ ಎರಡೂ ಒಂದೇ ಲಿವರ್. ಒಳಗೆ ಒತ್ತಿ ಮೇಲೆ ತಿರುಗಿಸಿದ್ರೆ ಕಿಕ್ಕರ್, ವಾಪಸ್ ತಂದ್ರೆ ಗೇರ್. ಗೇರ್ ಒತ್ತಿದಾಗಲೇ ಒಳಗಿಂದ ಕ್ಲಚ್ ಎತ್ತೋ ವ್ಯವಸ್ಥೆಯೂ ಇದೆ, ಕ್ಲಚ್ ಹಿಡೀದೇ ಗೇರ್ ಹಾಕಬಹುದು. ಇದು ಗೊತ್ತಿಲ್ಲದವರು ಬಿಚ್ಚಿದಾಗ ಆ ಕವರ್ ಒಳಗಿನ ಚಿಕ್ಕ ಚಿಕ್ಕ ಸಾಮಾನೇ ಮೊದಲು ಕಳೆದುಹೋಗೋದು. ಹಾಗಾಗಿ ಎಡ ಕವರ್ ಪೂರ್ತಿ ಸಾಮಾನಿನ ಜೊತೆ ಸಿಕ್ರೆ ಚೌಕಾಸಿ ಜಾಸ್ತಿ ಮಾಡ್ಬೇಡಿ, ಎತ್ಕೊಳ್ಳಿ.

ಟ್ಯಾಂಕ್: ಒಳಗೆ ಟಾರ್ಚ್ ಬಿಡಿ. ಕೆಳಗಡೆ ಸ್ತರದಲ್ಲಿ ಸೂಜಿತೂತು ಇದ್ರೆ ಬೆಳಕು ಹೊರಗೆ ಕಾಣತ್ತೆ. ರಿಮ್ಮು: ತಿರುಗಿಸಿ ನೋಡಿ. ಅಷ್ಟೇ.

(5/6)
ಈಗ ಕಸ್ಟಮ್ ವಿಷಯ. ಬೇರೆ ಬೇರೆ ಗಾಡಿಯ ಪಾರ್ಟ್ಸ್ ಸೇರಿಸಿ ಹೊಸ ಬೈಕ್ ಕಟ್ಟೋದು ತಪ್ಪು ಅನ್ನೋ ಹಿರಿಯರು ತುಂಬಾ ಇದ್ದಾರೆ. ನಾನು ಒಪ್ಪಲ್ಲ. ಆದ್ರೆ ಈ ಕಲೆ ಹುಟ್ಟಿದ್ದು ಹೇಗೆ ನೋಡಿ.

1950ರ ದಶಕದ ಬ್ರಿಟನ್‌ನಲ್ಲಿ 500 ಸಿಸಿಯ ಪುಟಾಣಿ ರೇಸ್ ಕಾರುಗಳ ಫಾರ್ಮುಲಾ 3 ನಡೀತಿತ್ತು. ಅವಕ್ಕೆ ಮ್ಯಾಂಕ್ಸ್ ನಾರ್ಟನ್ ಬೈಕಿನ ಇಂಜಿನ್ ಬೇಕು. ನಾರ್ಟನ್ ಇಂಜಿನ್ ಮಾತ್ರ ಬಿಡಿಯಾಗಿ ಮಾರ್ತಿರಲಿಲ್ಲ. ಕಾರಿನವರು ಇಡೀ ಬೈಕ್ ಕೊಂಡು ಇಂಜಿನ್ ಕಿತ್ಕೊಂಡ್ರು. ಉಳಿದಿದ್ದು ಇಂಜಿನ್ ಇಲ್ಲದ ಚಾಸಿ, ಅದೂ ಆ ಕಾಲದ ಅತ್ಯುತ್ತಮ ಅಂತ ಹೆಸರಾದ ಫೆದರ್‌ಬೆಡ್ ಚಾಸಿ. ಹುಡುಗರು ಅದಕ್ಕೆ ಟ್ರಯಂಫ್ ಇಂಜಿನ್ ಕೂರಿಸಿದ್ರು. ಟ್ರಯಂಫ್, ನಾರ್ಟನ್ ಸೇರಿ ಟ್ರೈಟನ್. ಇವತ್ತು ಕೆಫೆ ರೇಸರ್ ಅಂದ್ರೆ ಮೊದಲು ನೆನಪಾಗೋ ಹೆಸರು ಅದೇ.

ಗಮನಿಸಿ, ಆ ಹುಡುಗರು ಮಿಕ್ಕಿದ್ದನ್ನ ಬಳಸಿದ್ರು. ನಮ್ಮಲ್ಲಿ ರೀಲ್ಸ್ ನೋಡಿ ಆಗ್ತಿರೋದು ಉಲ್ಟಾ. ಅಜ್ಜನ ಕಾಲದ ಪೂರ್ತಿ ಜಾವಾ, ದಾಖಲೆ ಸಮೇತ ಇರೋದನ್ನ ತಂದು ಹಿಂದಿನ ಮಡ್‌ಗಾರ್ಡ್ ಕತ್ತರಿಸಿ, ಚಾಸಿ ಕೊಯ್ದು, ಮೂಲ ಸೀಟು, ಸೈಲೆನ್ಸರ್ ಎಲ್ಲ ಮೂಲೆಗೆ ಬಿಸಾಕೋದು. ಆ ಕಾರ್ಖಾನೆಯಿಂದ ಇನ್ನೊಂದು ಚಾಸಿ ಬರಲ್ಲ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ವಾಪಸ್ ಬಂತು ನಿಜ, ಕ್ಲಾಸಿಕ್ ಲೆಜೆಂಡ್ಸ್ ಕಂಪನಿಯದು. ಅವು ಫೋರ್-ಸ್ಟ್ರೋಕ್ ಗಾಡಿಗಳು, ಅದರ ಒಂದು ಪಿಸ್ಟನ್ ಕೂಡ ಇದಕ್ಕೆ ಕೂರಲ್ಲ.

ನಿಮಗೆ ಕಟ್ಟಲೇಬೇಕಾ? ಅನಾಥ ತುಂಡುಗಳನ್ನೇ ಆರಿಸಿ. ಸೊಟ್ಟಗಾದ ಮಡ್‌ಗಾರ್ಡ್, ತೇಪೆ ಹಾಕಿದ ಟ್ಯಾಂಕ್, ಆಗಲೇ ಯಾರೋ ಕೆಡಿಸಿಟ್ಟ ರೋಡ್‌ಕಿಂಗ್. ಜೆಕ್ ಗುರುತಿರೋ ಪಾರ್ಟ್ ಸಿಕ್ರೆ ಕತ್ತರಿಸಬೇಡಿ. ಅದೇ ಪಾರ್ಟ್ ಹುಡುಕ್ತಿರೋ ರೆಸ್ಟೋರೇಶನ್ ಮಾಡೋರು ಇದ್ದೇ ಇರ್ತಾರೆ, ನಿಮಗೆ ಬೇಕಾದ್ದನ್ನ ಬದಲಿಗೆ ಕೊಡ್ತಾರೆ. 350 ಟ್ವಿನ್ ಸಿಕ್ರಂತೂ ಸ್ಪ್ಯಾನರ್ ಕೆಳಗಿಟ್ಟು ನನಗೆ ಮೆಸೇಜ್ ಮಾಡಿ.

(6/6)
ಬೋರಿಂಗ್ ಭಾಗ. ಸ್ಕಿಪ್ ಮಾಡ್ಬೇಡಿ, ದುಡ್ಡು ಹೋಗೋದು ಇಲ್ಲೇ.

ಜನವರಿ 2019ರಲ್ಲಿ ಸುಪ್ರೀಂ ಕೋರ್ಟ್, ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗೋ ಹಾಗೆ ಗಾಡಿ ಬದಲಾಯಿಸೋಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಿಡಲ್ಲ ಅಂತ ಹೇಳ್ತು. ಅದೇ ವರ್ಷದ ತಿದ್ದುಪಡಿಯಲ್ಲಿ, ನಿಯಮ ಮೀರಿ ಬದಲಾಯಿಸೋ ಮಾಲೀಕರಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು ಅಂತ ಬಂತು, ಎರಡೂ ಬೀಳಬಹುದು. ಅದೇ ಮೇಕ್, ಅದೇ ಮಾದರಿಯ ಇಂಜಿನ್ ಹಾಕಿದ್ರೂ ಆರ್‌ಟಿಓ ಒಪ್ಪಿಗೆ ಬೇಕು. ಅಂದ್ರೆ ಕೊಯ್ದ ಚಾಸಿಯ ಬೈಕ್ ಶೋಗೆ, ಶೆಡ್ಡಿಗೆ. ಕಾಲೇಜಿಗೆ ಓಡಿಸೋಕಲ್ಲ.

ಉಲ್ಟಾ ಕಡೆ ಲಾಭ ಇದೆ. ಜುಲೈ 2021ರ ವಿಂಟೇಜ್ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿ ಮೂಲ ರೂಪದಲ್ಲೇ ಇರೋ ಗಾಡಿಗೆ ಪ್ರತ್ಯೇಕ ನೋಂದಣಿ ಸಿಗತ್ತೆ. ಹೊಸದಾಗಿ ಮಾಡಿಸೋಕೆ 20,000, ಮರುನೋಂದಣಿಗೆ 5,000 ರೂಪಾಯಿ, 10 ವರ್ಷದ ಅವಧಿ. 1960ರ ದಶಕದ ಜಾವಾಗಳೆಲ್ಲ ಈಗ ಆ ವಯಸ್ಸು ದಾಟಿವೆ. ಚಾಸಿಗೋ ಇಂಜಿನ್ನಿಗೋ ದೊಡ್ಡ ಬದಲಾವಣೆ ಮಾಡಿದ್ರೆ ಆ ಬಾಗಿಲು ಮುಚ್ಚಿತು.

ಕೊಳ್ಳೋವಾಗ: ಚಾಸಿ, ಇಂಜಿನ್ ನಂಬರ್ ಉಜ್ಜಿದ ಗುರುತು, ಮತ್ತೆ ಕೊರೆದ ಗುರುತು ಇದ್ರೆ ಎಷ್ಟೇ ಅಗ್ಗ ಅಂದ್ರೂ ಮುಟ್ಟಬೇಡಿ. ಕಳವು ಮಾಲಾದ್ರೆ ನಿಮ್ಮ ಮನೆಗೇ ಪೊಲೀಸ್ ಬರೋದು. ಆರ್‌ಸಿ ಇದೆ ಅಂದ್ರೆ ನಂಬರ್ ಅಕ್ಷರಕ್ಕೆ ಅಕ್ಷರ ತಾಳೆ ನೋಡಿ. ಅಂಗಡಿಯವರ ಹತ್ರ ನಂಬರ್ ಬರೆದ ಬಿಲ್ ಕೇಳಿ. "ಇದಕ್ಕೆಲ್ಲ ಬಿಲ್ಲಾ ತಮ್ಮ" ಅಂತ ನಗ್ತಾರೆ, ನಗಲಿ. "ಕೊಡಿ ಅಣ್ಣ, ಆರ್‌ಟಿಓದಲ್ಲಿ ಕೇಳ್ತಾರೆ" ಅಂತ ಅಲ್ಲೇ ನಿಂತ್ಕೊಳ್ಳಿ. ತಿಂಗಳಿಗೆ ಎರಡು ಸಲ ಅದೇ ಅಂಗಡಿಗೆ ಹೋಗಿ ಮುಖ ಪರಿಚಯ ಆದ್ರೆ, ಜಾವಾ ಮಾಲು ಬಂದ ದಿನ ತಕ್ಕಡಿಗೆ ಹಾಕೋ ಮುಂಚೆ ಅವರೇ ಫೋನ್ ಮಾಡ್ತಾರೆ.

ಮುಂದಿನ ವಾರ ರಾಜ್‌ದೂತ್. ನಿಮ್ಮ ಶೆಡ್ಡಲ್ಲಿರೋ ತುಂಡಿನ ಫೋಟೋ ಕಳಿಸಿ, ಅಕ್ಷರ ಕಾಣೋ ಹಾಗೆ ಒರೆಸಿ ತೆಗೀರಿ.

#ಜಾವಾ #ಯೆಜ್ಡಿ #ಮೈಸೂರು #ಗುಜರಿಇತಿಹಾಸ